ಎರಡಕ್ಕೆ ಮೂರು, ಮೂರಕ್ಕೆ ಎರಡು

ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಅಂದು 1980ರ ಜನವರಿ 1. ಒಳಗಿನ ಗುಂಡಿ ಬ್ಯಾಟರಿ ಯಾವ ಕಾಲದಲ್ಲೋ ಸತ್ತುಹೋಗಿತ್ತು. ಹಾಗಾಗಿ ಪ್ರತಿ ಸಲ ಕರೆಂಟು ಕೊಟ್ಟಾಗಲೂ ಅದು ಅದೇ ದಿನಕ್ಕೆ ಹೋಗಿ ಕೂರುತ್ತಿತ್ತು, ತಾರೀಖು ಎಷ್ಟು ಹೇಳಪ್ಪ ಎಂದು ಕೇಳುತ್ತಿತ್ತು. ಹೇಳಿದೆ. ಗರಗರ ಸದ್ದು ಮಾಡುತ್ತ ಎರಡು ನಿಮಿಷ ಯೋಚಿಸಿ, ಮೋಡ ತುಂಬಿದ ನೀಲಿ ಆಕಾಶ ತೋರಿಸಿತು. ವಿಂಡೋಸ್ 95.

ಸೋದರಮಾವನದು ಅದು. ಸಾಗರದ ಹತ್ತಿರದ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬೆಂಗಳೂರಿನ ಆಫೀಸೊಂದು ಹಳತೆಂದು ಬಿಸಾಕುತ್ತಿದ್ದ ಲ್ಯಾಪ್‌ಟಾಪನ್ನು ಮಗ 1999ರಲ್ಲಿ ಬರಹ ತಂತ್ರಾಂಶ ಹಾಕಿಸಿ ತಂದುಕೊಟ್ಟ ಮೇಲೆ, ಒಂದೊಂದೇ ಬೆರಳಲ್ಲಿ ಕುಟ್ಟುತ್ತ ಏಳು ವರ್ಷ ಮಳೆ ಲೆಕ್ಕ ಬರೆದಿದ್ದರು. ಬೆಳಿಗ್ಗೆ ಅಂಗಳದ ಡಬ್ಬಿಯಲ್ಲಿ ನಿಂತ ನೀರಿನ ಅಳತೆ, ಯಾವ ನಕ್ಷತ್ರದ ಮಳೆ, ಅಡಿಕೆಗೆ ಔಷಧಿ ಹೊಡೆದದ್ದು ಯಾವಾಗ, ಕೊಳೆ ಎಲ್ಲಿ ಶುರುವಾಯಿತು, ಹೀಗೆ. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅತ್ತೆ ಅದನ್ನು ಅಟ್ಟದಿಂದ ಇಳಿಸಿ, ಸೀರೆಯ ಸೆರಗಲ್ಲಿ ಧೂಳು ಒರೆಸಿ ನನ್ನ ಕೈಗಿಟ್ಟರು. "ನಿಮ್ಮ ಮಾವ ಬರೆದಿದ್ದೆಲ್ಲ ಇದ್ರೊಳಗೇ ಇದ್ದು. ತೆಗೆಯಲೆ ಆಗ್ತಾ ನೋಡು ಅಪ್ಪಿ."

ಇಪ್ಪತ್ತೈದು ವರ್ಷದಿಂದ ಕಂಪ್ಯೂಟರ್ ಕೆಲಸ ಮಾಡಿಕೊಂಡೇ ಉಣ್ಣುತ್ತಿರುವವನು ನಾನು. ಇದೇನು ಮಹಾ ಎಂದುಕೊಂಡೆ.

ಮಹಾವೇ ಆಗಿತ್ತು. ಈಗಿನ ಯಾವ ಯಂತ್ರವನ್ನೇ ಕೊಡಿ, ಅದರಿಂದ ಒಂದು ಫೈಲನ್ನು ಹೊರಗೆ ತರಲು ಹತ್ತು ದಾರಿಯಿರುತ್ತದೆ. ಈ ಲ್ಯಾಪ್‌ಟಾಪಿಗೆ ವೈಫೈ ಇಲ್ಲ, ಅದು ಹುಟ್ಟಿದಾಗ ಆ ಹೆಸರೇ ಹುಟ್ಟಿರಲಿಲ್ಲ. ನೆಟ್‌ವರ್ಕ್ ಕಾರ್ಡಿಲ್ಲ. ಯುಎಸ್‌ಬಿ ಇಲ್ಲ. ಸಿಡಿ ಇಲ್ಲ. ತೆಳ್ಳಗಿರಲೆಂದು ಫ್ಲಾಪಿ ಡ್ರೈವನ್ನು ಹೊರಗೆ ಪ್ರತ್ಯೇಕ ಪೆಟ್ಟಿಗೆಯಾಗಿ ಕೊಟ್ಟಿದ್ದರು, ಆ ಪೆಟ್ಟಿಗೆ ಆಫೀಸಿನಿಂದ ಹಳ್ಳಿಗೆ ಬರುವ ದಾರಿಯಲ್ಲೇ ಎಲ್ಲೋ ತಪ್ಪಿಹೋಗಿತ್ತು. ಮಾವನಿಗೆ ಅದರಿಂದೇನೂ ತೊಂದರೆಯಾಗಿರಲಿಲ್ಲ. ಬರೆದದ್ದನ್ನು ಹೊರಗೆ ಕಳಿಸಬೇಕೆಂಬ ಹಂಬಲವೇ ಅವರಿಗಿರಲಿಲ್ಲ.

ಬುದ್ಧಿವಂತರು ಇಂಥಲ್ಲಿ ಮಾಡುವುದೇ ಬೇರೆ, ಅದನ್ನು ಮೊದಲೇ ಹೇಳಿಬಿಡಬೇಕು. ಹಾರ್ಡ್ ಡಿಸ್ಕನ್ನೇ ಬಿಚ್ಚಿ ತೆಗೆಯುವುದು. ಆ ಕಾಲದ ಲ್ಯಾಪ್‌ಟಾಪ್ ಡಿಸ್ಕಿಗೆ 44 ಪಿನ್ನಿನ ಬಾಯಿ, ಅದನ್ನು ಯುಎಸ್‌ಬಿಗೆ ಬದಲಿಸುವ ಪುಟ್ಟ ಅಡಾಪ್ಟರು ಸುಲಭವಾಗಿ ಸಿಗುತ್ತದೆ. ಬೇಕಿರುವುದು ಫೈಲುಗಳಷ್ಟೇ ಆದರೆ ಅರ್ಧ ಗಂಟೆಯ ಕೆಲಸ. ಡಿಸ್ಕು ತೀರಾ ಹಳೆಯದಾಗಿದ್ದರೆ ಮಾತ್ರ ಅಡಾಪ್ಟರು ಅದನ್ನು ಗುರುತಿಸದೇ ಹೋಗಬಹುದು. ಮೊದಮೊದಲ ಡಿಸ್ಕುಗಳು ಜಾಗದ ವಿಳಾಸವನ್ನು ಸಿಲಿಂಡರು, ಹೆಡ್ಡು, ಸೆಕ್ಟರು ಎಂದು ಹೇಳುತ್ತಿದ್ದವು, ಈಗಿನ ಅಡಾಪ್ಟರುಗಳಲ್ಲಿ ಎಷ್ಟೋ ಆ ಭಾಷೆಯನ್ನೇ ಮರೆತಿವೆ. ನಾನು ಆ ದಾರಿಗೆ ಕೈಹಾಕಿದೆ. ಮೊದಲ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತುವಾಗ ಕೀಲಿನ ಪಕ್ಕದ ಪ್ಲಾಸ್ಟಿಕ್ಕು ಒಣ ಹಪ್ಪಳದಂತೆ ಲಟಕ್ಕೆಂದಿತು. ಇನ್ನೊಂದು ಸ್ಕ್ರೂ ಮುಟ್ಟುವ ಧೈರ್ಯವಾಗಲಿಲ್ಲ. ಅತ್ತೆಗೆ ಅದನ್ನು ಇಡಿಯಾಗಿ ವಾಪಸು ಕೊಡಬೇಕಿತ್ತು.

ಲ್ಯಾಪ್‌ಟಾಪಿನ ಪಕ್ಕದಲ್ಲೊಂದು ಸೀಳು ಬಾಯಿತ್ತು, ಪಿಸಿಎಂಸಿಐಎ ಎಂಬ ನಾಲಿಗೆ ಹೊರಳದ ಹೆಸರಿನದು. ಎಟಿಎಂ ಕಾರ್ಡಿನಷ್ಟೇ ಅಗಲದ, ಅದಕ್ಕಿಂತ ದಪ್ಪನೆಯ ಕಾರ್ಡೊಂದನ್ನು ಅಲ್ಲಿ ತೂರಿಸಿದರೆ ಲ್ಯಾಪ್‌ಟಾಪಿಗೆ ನೆಟ್‌ವರ್ಕು ಬರುತ್ತದೆ. ಸರಿ, ಸದರ್ ಪತ್ರಪ್ಪ ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಹಳೇ ಸಾಮಾನು ಬೇಕಾದವರು ಹೋಗುವುದು ಆ ಎಸ್‌ಪಿ ರೋಡಿಗೇ. ಮೂರನೇ ಅಂಗಡಿಯಲ್ಲಿ ಒಬ್ಬರು ಬಿಸ್ಕತ್ತಿನ ಡಬ್ಬಿ ತೆರೆದು ಹನ್ನೆರಡು ಕಾರ್ಡು ಹರವಿದರು. "ಕಾರ್ಡ್ ಇದೆ ಸಾರ್. ಬಾಲ ಇಲ್ಲ."

ಅವರು ಹೇಳಿದ್ದು ನಿಜ. ಕಾರ್ಡು ತೆಳು, ನೆಟ್‌ವರ್ಕಿನ ತಂತಿ ದಪ್ಪ. ಹಾಗಾಗಿ ಕಾರ್ಡಿನ ತುದಿಗೆ ಗೇಣುದ್ದದ ಬಾಲವೊಂದನ್ನು ಸಿಕ್ಕಿಸಿ, ಆ ಬಾಲದ ತುದಿಗೆ ತಂತಿ ಹಾಕಬೇಕು. ಒಂದು ಕಂಪನಿಯ ಬಾಲ ಇನ್ನೊಂದರ ಕಾರ್ಡಿಗೆ ಕೂರುವುದಿಲ್ಲ. ಕಾರ್ಡು ಲ್ಯಾಪ್‌ಟಾಪಿನೊಳಗೆ ಭದ್ರವಾಗಿ ಉಳಿಯಿತು, ಬಾಲಗಳೆಲ್ಲ ಜಗತ್ತಿನ ಮೇಜಿನ ಖಾನೆಗಳಲ್ಲಿ ಕಳೆದುಹೋದವು. ಆ ಹನ್ನೆರಡರಲ್ಲಿ ಎಂಟು ಕಾರ್ಡುಗಳ ತುದಿಯಲ್ಲಿ ಚಿನ್ನದ ಬಣ್ಣದ ಪಟ್ಟಿಯೂ ಇತ್ತು. ಅದಿದ್ದರೆ ಅದು 32 ಬಿಟ್ಟಿನ ಕಾರ್ಡ್‌ಬಸ್ ಎಂದರ್ಥ, 16 ಬಿಟ್ಟಿನ ಹಳೇ ಸೀಳಿಗೆ ಹೋಗುವುದೇ ಇಲ್ಲ. ಒಂದು ವೇಳೆ ಎಲ್ಲ ಕೂಡಿಬಂದಿತೆನ್ನಿ, ಕಾರ್ಡಿಗೆ ಡ್ರೈವರ್ ತಂತ್ರಾಂಶ ಬೇಕು. ಅದನ್ನು ಲ್ಯಾಪ್‌ಟಾಪಿನೊಳಕ್ಕೆ ತುಂಬುವುದು ಯಾವ ದಾರಿಯಿಂದ? ಕೀಲಿಕೈ ಒಳಗಿಟ್ಟು ಬಾಗಿಲು ಎಳೆದುಕೊಂಡವರ ಕಥೆ.

ಹಿಂದಕ್ಕೆ ತಿರುಗಿಸಿ ನೋಡಿದೆ. ರಬ್ಬರಿನ ಮುಚ್ಚಳದಡಿ ಎರಡು ಬಾಯಿ. ಒಂದು ಅಗಲದ್ದು, ಪ್ರಿಂಟರಿಗೆ. ಇನ್ನೊಂದು ಒಂಬತ್ತು ಪಿನ್ನಿನದು, ಮೇಲೆ ಐದು, ಕೆಳಗೆ ನಾಲ್ಕು. ಸೀರಿಯಲ್ ಪೋರ್ಟ್.

ಈ ಸೀರಿಯಲ್ ಪೋರ್ಟಿನ ಹಿಂದಿರುವ ಆರ್‌ಎಸ್-232 ಎಂಬ ಕರಾರು ಅಮೆರಿಕದಲ್ಲಿ 1960ರಲ್ಲಿ ಆದದ್ದು. ಪರ್ಸನಲ್ ಕಂಪ್ಯೂಟರ್ ಯಾರ ಕನಸಿನಲ್ಲೂ ಇಲ್ಲದ ಕಾಲ. ಒಂದು ಕಡೆ ಟೆಲಿಪ್ರಿಂಟರಿನಂಥ ಯಂತ್ರ, ಇನ್ನೊಂದು ಕಡೆ ಅದನ್ನು ಟೆಲಿಫೋನ್ ತಂತಿಗೆ ಕೂಡಿಸುವ ಮೋಡೆಮ್, ನಡುವಿನ ಮಾತುಕತೆ ಹೇಗಿರಬೇಕು ಎಂಬುದಕ್ಕೆ ಮಾಡಿಕೊಂಡ ಒಪ್ಪಂದ ಅದು. ಒಬ್ಬ ಯಜಮಾನ, ಒಬ್ಬ ಟಪಾಲಿನವನು. ಇಬ್ಬರ ಕೆಲಸ ಬೇರೆಬೇರೆ ಆದ್ದರಿಂದ ತಂತಿ ನೇರ: ಯಜಮಾನ ಮಾತಾಡುವ ಪಿನ್ನಿನಲ್ಲೇ ಟಪಾಲಿನವನು ಕೇಳುತ್ತಾನೆ.

ಎರಡು ಕಂಪ್ಯೂಟರನ್ನು ಎದುರುಬದುರು ಕೂರಿಸಿದಾಗ ಇಬ್ಬರೂ ಯಜಮಾನರೇ. ಇಬ್ಬರ ಬಾಯಿಯೂ 3ನೇ ಪಿನ್ನು, ಇಬ್ಬರ ಕಿವಿಯೂ 2ನೇ ಪಿನ್ನು. ನೇರ ತಂತಿ ಹಾಕಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ. ಇಬ್ಬರೂ ಕೂಗುತ್ತಾರೆ, ಇಬ್ಬರಿಗೂ ಏನೂ ಕೇಳಿಸುವುದಿಲ್ಲ. (ನಮ್ಮ ಟಿವಿ ಚರ್ಚೆಗಳ ವೈರಿಂಗ್ ಇದೇ ಇರಬೇಕು.) ಅದಕ್ಕೇ ತಂತಿಯನ್ನು ನಡುವೆ ಅಡ್ಡ ಹಾಯಿಸಬೇಕು. ಈ ಕಡೆಯ ಎರಡು ಆ ಕಡೆಯ ಮೂರಕ್ಕೆ, ಈ ಕಡೆಯ ಮೂರು ಆ ಕಡೆಯ ಎರಡಕ್ಕೆ, ಐದು ಮಾತ್ರ ಐದಕ್ಕೆ. ಮೋಡೆಮ್ ಇಲ್ಲದೆಯೇ ಇದೆಯೆಂದು ನಂಬಿಸುವ ಈ ತಂತಿಯನ್ನು ಪುಸ್ತಕಗಳು ನಲ್ ಮೋಡೆಮ್ ಎನ್ನುತ್ತವೆ, ಕೆಲಸ ಮಾಡುವವರು ಕ್ರಾಸ್ ಕೇಬಲ್ ಎನ್ನುತ್ತಾರೆ.

ಎಸ್‌ಪಿ ರೋಡಿನಲ್ಲಿ ಕ್ರಾಸ್ ಕೇಬಲ್ ಎಂದು ಕೊಟ್ಟದ್ದು ನೇರ ಕೇಬಲ್ಲಾಗಿತ್ತು. ಹೊರಗಿನಿಂದ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಇಡೀ ಸಂಜೆ ಎರಡು ಯಂತ್ರಗಳ ನಡುವೆ ಕೂತು ಟೈಪು ಮಾಡಿದೆ, ಯಾವುದೂ ಉಸಿರೆತ್ತಲಿಲ್ಲ. ಆಮೇಲೆ ಹಳಬರ ಉಪಾಯ ನೆನಪಾಯಿತು. ಕೇಬಲ್ ಬದಿಗಿಟ್ಟು, ತೆಳು ತಂತಿಯ ತುಂಡೊಂದರಿಂದ ಲ್ಯಾಪ್‌ಟಾಪಿನದೇ 2 ಮತ್ತು 3ನೇ ಪಿನ್ನುಗಳನ್ನು ಕೂಡಿಸಿದೆ. ತನ್ನ ಬಾಯಿ ತನ್ನ ಕಿವಿಗೆ. ಕೀಲಿ ಒತ್ತಿದರೆ ಅದೇ ಅಕ್ಷರ ತಿರುಗಿಬಂದು ಪರದೆಯ ಮೇಲೆ ಮೂಡಿತು, ತಂತಿ ತೆಗೆದರೆ ಮೌನ. ಪೋರ್ಟು ಬದುಕಿದೆ, ತಪ್ಪು ಕೇಬಲ್ಲಿನದು. ಹೀಗೆಲ್ಲ ಪಿನ್ನಿಗೆ ಪಿನ್ನು ತಾಗಿಸಿದರೆ ಸುಟ್ಟುಹೋಗುವುದಿಲ್ಲವೇ ಎಂದರೆ, ಇಲ್ಲ. ಕೂಡಿಸುವವರು ತಪ್ಪು ಮಾಡಿಯೇ ಮಾಡುತ್ತಾರೆಂದು ಒಪ್ಪಂದ ಬರೆದವರು ಲೆಕ್ಕ ಹಿಡಿದಿದ್ದರು. ಪಿನ್ನುಗಳು ಒಂದಕ್ಕೊಂದು ತಾಗಿದರೂ ತಡೆದುಕೊಳ್ಳಬೇಕೆಂಬುದು ಅದರಲ್ಲೇ ಇದೆ.

ಕೇಬಲ್ಲನ್ನು ಕೊನೆಗೆ ನಾನೇ ಮಾಡಿದೆ. ಒಂಬತ್ತು ತೂತಿನ ಎರಡು ಕನೆಕ್ಟರು, ಮೂರೆಳೆ ತಂತಿ, ಬೆಸುಗೆ ಕಡ್ಡಿ. ಹಿಂದುಗಡೆ ಬೆಸುಗೆ ಹಾಕುವಾಗ ಪಿನ್ನುಗಳ ಸಂಖ್ಯೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ ಎಂಬುದನ್ನು ಒಂದು ಕನೆಕ್ಟರು ಹಾಳುಮಾಡಿ, ಒಂದು ಬೆರಳು ಸುಟ್ಟುಕೊಂಡು ಕಲಿತೆ.

ಹೊಸ ಲ್ಯಾಪ್‌ಟಾಪಿಗೆ ಈ ಪೋರ್ಟೇ ಇಲ್ಲ, ಅದಕ್ಕೆ ಯುಎಸ್‌ಬಿಯಿಂದ ಸೀರಿಯಲ್ಲಿಗೆ ಬದಲಿಸುವ ತುಂಡೊಂದು ಬೇಕು. ಅದು ಧಾರಾಳವಾಗಿ ಸಿಗುತ್ತದೆ. ಯಾಕೆ ಸಿಗುತ್ತದೆ ಎಂದರೆ, ಸೀರಿಯಲ್ ಪೋರ್ಟು ಸತ್ತಿರುವುದು ನಮ್ಮ ಮೇಜಿನ ಮೇಲೆ ಮಾತ್ರ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಹಳೆಯ ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಮು ಉಣಿಸುವುದು ಇವತ್ತಿಗೂ ಇದೇ ತಂತಿಯಿಂದ. ಹಾಲಿನ ಡೇರಿಯಲ್ಲಿ ಕ್ಯಾನು ತೂಗಿದ ಕೂಡಲೇ ತೂಕ ಕಂಪ್ಯೂಟರಿಗೆ ಹೋಗಿ ಚೀಟಿ ಹೊರಬರುತ್ತದಲ್ಲ, ಆ ತಕ್ಕಡಿಗಳ ಬೆನ್ನ ಹಿಂದೆ ನೋಡಿ, ಎಷ್ಟೋ ಕಡೆ ಇದೇ ಒಂಬತ್ತು ಪಿನ್ನಿನ ಬಾಯಿ ಕಾಣುತ್ತದೆ. ವೇ ಬ್ರಿಜ್ಜುಗಳಲ್ಲೂ ಅಷ್ಟೇ.

ಎರಡು ಯಂತ್ರಗಳನ್ನು ಹೀಗೆ ಗಂಟುಹಾಕುವುದು ಒಂದು ಕಾಲದಲ್ಲಿ ದೊಡ್ಡ ವ್ಯಾಪಾರವೇ ಆಗಿತ್ತು. 1985ರಲ್ಲಿ ಬಂದ ತೋಷಿಬಾ ಟಿ1100ರಂಥ ಲ್ಯಾಪ್‌ಟಾಪುಗಳು ಮೂರೂವರೆ ಇಂಚಿನ ಗಟ್ಟಿ ಫ್ಲಾಪಿ ಉಣ್ಣುತ್ತಿದ್ದರೆ, ಆಫೀಸಿನ ಕಂಪ್ಯೂಟರುಗಳು ಐದೂಕಾಲು ಇಂಚಿನ ಮೆತ್ತನೆಯದನ್ನು ಉಣ್ಣುತ್ತಿದ್ದವು. ಒಬ್ಬನ ತಟ್ಟೆಯ ಊಟ ಇನ್ನೊಬ್ಬನ ತಟ್ಟೆಗೆ ಹೋಗದು. ಆ ಸಂದಿನಲ್ಲಿ ಹುಟ್ಟಿದ್ದು ಮಾರ್ಕ್ ಎಪ್ಲಿ ಅವರ ಲ್ಯಾಪ್‌ಲಿಂಕ್. ತಂತ್ರಾಂಶದ ಜೊತೆ ಡಬ್ಬಿಯಲ್ಲೇ ಕೇಬಲ್ಲೂ ಬರುತ್ತಿತ್ತು, ಸೀರಿಯಲ್ಲಿಗೆ ನೀಲಿ, ಪ್ಯಾರಲಲ್ಲಿಗೆ ಹಳದಿ.

ಆ ಹಳದಿ ಕೇಬಲ್ಲಿನ ಕುಯುಕ್ತಿಗೆ ನಾನು ಇಂದಿಗೂ ತಲೆದೂಗುತ್ತೇನೆ. ಪ್ರಿಂಟರಿನ ಪೋರ್ಟು ಏಕಮುಖ. ಎಂಟು ತಂತಿಯಲ್ಲಿ ಅಕ್ಷರ ಹೊರಗೆ ಹೋಗುತ್ತದೆ, ಪ್ರಿಂಟರು ಬಾಯಿಬಿಡಬಹುದಾದದ್ದು ಐದೇ ಐದು ತಂತಿಯಲ್ಲಿ: ತಗೊಂಡೆ, ಕೆಲಸದಲ್ಲಿದ್ದೇನೆ, ಕಾಗದ ಮುಗಿದಿದೆ, ಸಿದ್ಧನಿದ್ದೇನೆ, ಏನೋ ತಪ್ಪಾಗಿದೆ. ಲ್ಯಾಪ್‌ಲಿಂಕಿನ ಕೇಬಲ್ಲು ಒಂದು ಕಂಪ್ಯೂಟರಿನ ಅಕ್ಷರದ ತಂತಿಗಳಲ್ಲಿ ಐದನ್ನು ಇನ್ನೊಂದರ ಈ ಐದು ದೂರಿನ ತಂತಿಗಳಿಗೆ ಕಟ್ಟಿತು. ಒಂದೊಂದು ಅಕ್ಷರವನ್ನೂ ಎರಡು ಹೋಳು ಮಾಡಿ, ಸಲಕ್ಕೆ ನಾಲ್ಕು ಬಿಟ್ಟಿನಂತೆ ಕಳಿಸುವುದು. ಐದನೆಯ ತಂತಿ ಹೂಂ ಅನ್ನುವುದಕ್ಕೆ. ಅಂದರೆ ಒಬ್ಬರ ಪ್ರಬಂಧವೋ, ಕಂಪನಿಯ ಲೆಕ್ಕಪತ್ರವೋ 'ಕಾಗದ ಮುಗಿದಿದೆ', 'ಏನೋ ತಪ್ಪಾಗಿದೆ' ಎಂಬ ಗೊಣಗಾಟದ ವೇಷದಲ್ಲಿ ದಾಟಿಹೋಗುತ್ತಿತ್ತು. ಸೀರಿಯಲ್ಲಿಗಿಂತ ಎಷ್ಟೋ ಪಟ್ಟು ಬೇಗ ಬೇರೆ.

1993ರಲ್ಲಿ ಮೈಕ್ರೋಸಾಫ್ಟ್ ಇದನ್ನೇ ಡಾಸ್ 6ರೊಳಗೆ ಸೇರಿಸಿತು, ಇಂಟರ್‌ಲಿಂಕ್ ಎಂಬ ಹೆಸರಲ್ಲಿ. ಕೀಲಿಕೈ ಒಳಗಿಟ್ಟು ಬೀಗ ಹಾಕಿದವರ ಕಥೆಗೆ ಅದು ಕಂಡುಕೊಂಡ ಪರಿಹಾರ ಸೊಗಸಾಗಿದೆ. ಆ ಬದಿಯ ಯಂತ್ರದಲ್ಲಿ ಇಂಟರ್‌ಲಿಂಕ್ ಇಲ್ಲವೆನ್ನಿ. ಅಲ್ಲಿ ಎರಡೇ ಸಾಲು ಟೈಪು ಮಾಡಬೇಕು. ಮೊದಲನೆಯದು ಸೀರಿಯಲ್ ಪೋರ್ಟಿನ ವೇಗ ಗೊತ್ತುಮಾಡುತ್ತದೆ. ಎರಡನೆಯದು, 'ಇನ್ನು ಮೇಲೆ ನಿನ್ನ ಕೀಲಿಮಣೆಯ ಮಾತು ಕೇಳಬೇಡ, ಈ ತಂತಿಯಿಂದ ಬರುವ ಮಾತನ್ನೇ ಕೇಳು' ಎನ್ನುತ್ತದೆ. ಅಲ್ಲಿಗೆ ಈ ಕಡೆಯ ಕಂಪ್ಯೂಟರು ಆ ಯಂತ್ರದ ಮುಂದೆ ತಾನೇ ಹೋಗಿ ಕೂತಂತಾಯಿತು. ತಂತಿಯ ಮೂಲಕ ತನ್ನನ್ನೇ ಅಲ್ಲಿಗೆ ನಕಲು ಮಾಡಿಕೊಳ್ಳುತ್ತದೆ. ಪರಕಾಯ ಪ್ರವೇಶ ಎನ್ನಿ.

ನನಗೆ ಅಷ್ಟೂ ಬೇಕಾಗಲಿಲ್ಲ. ವಿಂಡೋಸ್ 95ರ ಆಕ್ಸೆಸರೀಸ್ ಪಟ್ಟಿಯಲ್ಲಿ ಹೈಪರ್‌ಟರ್ಮಿನಲ್ ಇತ್ತು, ಮಾವ ಅದನ್ನು ಒಮ್ಮೆಯೂ ತೆರೆದಂತಿರಲಿಲ್ಲ. ತೆರೆದ ಕೂಡಲೇ ಮೊದಲು ಮೋಡೆಮ್ ತಂದು ಹಾಕು ಎಂದು ಗದರಿತು. ಬೇಡ ಎಂದೆ. ನೇರವಾಗಿ ಪೋರ್ಟಿಗೇ ಹೋಗು ಎಂದೆ. ವೇಗ, ಬಿಟ್ಟುಗಳ ಸಂಖ್ಯೆ ಎಲ್ಲ ಎರಡೂ ಕಡೆ ಒಂದೇ ಕೊಟ್ಟೆ. ಇಲ್ಲಿ ತಾಳ ಹಾಕುವವರು ಯಾರೂ ಇಲ್ಲ, ಇಬ್ಬರೂ ತಂತಮ್ಮ ಗಡಿಯಾರ ನೋಡಿಕೊಂಡೇ ಹಾಡಬೇಕು. ಅದಕ್ಕೇ ಲಯ ಮೊದಲೇ ಒಪ್ಪಿಕೊಂಡಿರಬೇಕು. ಎಂಟು ಬಿಟ್ಟಿನ ಪ್ರತಿ ಅಕ್ಷರದ ಮುಂದೆ 'ಬಂದೆ' ಎನ್ನುವ ಒಂದು ಬಿಟ್ಟು, ಹಿಂದೆ 'ಮುಗಿಯಿತು' ಎನ್ನುವ ಒಂದು, ಒಟ್ಟು ಹತ್ತು. ಸೆಕೆಂಡಿಗೆ 1,15,200 ಬಿಟ್ಟು ಈ ಪೋರ್ಟಿನ ಕೊನೆಯ ಓಟ, ಅಂದರೆ 11,520 ಅಕ್ಷರ. ಒಂದು ಫ್ಲಾಪಿಯಷ್ಟು ಸರಕಿಗೆ ಎರಡು ನಿಮಿಷದ ಮೇಲೆ. 540 ಎಂಬಿಯ ಇಡೀ ಡಿಸ್ಕಿಗೆ ಹದಿಮೂರು ಗಂಟೆ.

ಒತ್ತಿದೆ. ಏನೂ ಬರಲಿಲ್ಲ.

ಕೇಬಲ್ ಮತ್ತೆ ಬಿಚ್ಚಿದೆ, ಬೆಸುಗೆ ನೋಡಿದೆ, ಮಲ್ಟಿಮೀಟರ್ ಹಿಡಿದೆ, ಎಲ್ಲ ಸರಿಯಿತ್ತು. ರಾತ್ರಿ ಹನ್ನೊಂದಕ್ಕೆ ಗೊತ್ತಾಯಿತು. ಹೈಪರ್‌ಟರ್ಮಿನಲ್ಲು ಸುಮ್ಮನೆ ಮಾತಾಡುವ ಜಾತಿಯಲ್ಲ. ಎದುರಿನವನು 8ನೇ ಪಿನ್ನಿನಲ್ಲಿ 'ಹೇಳು, ಕೇಳುತ್ತಿದ್ದೇನೆ' ಎನ್ನುವವರೆಗೂ ಅದು ಕಾಯುತ್ತದೆ. ನನ್ನ ಮೂರೆಳೆಯ ಕೇಬಲ್ಲಿನಲ್ಲಿ ಆ ಮಾತಿಗೆ ತಂತಿಯೇ ಇರಲಿಲ್ಲ. ಅಷ್ಟು ಹೊತ್ತೂ ಅದು ಪಾಪ, ಮರ್ಯಾದೆಯಿಂದ ಕಾಯುತ್ತ ಕೂತಿತ್ತು. ಕಾಯುವ ಆ ಆಯ್ಕೆಯನ್ನು ತೆಗೆದುಹಾಕಿದೆ, ನನ್ನ ಬೆಸುಗೆಯ ಮೇಲೆ ನನಗೇ ನಂಬಿಕೆ ಸಾಲದೆ ವೇಗವನ್ನು 19,200ಕ್ಕೆ ಇಳಿಸಿದೆ, ಕೀಲಿ ಒತ್ತಿದೆ. ಹೊಸ ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಒಂದೇ ಒಂದು ಅಕ್ಷರ ಬಂದು ನಿಂತಿತು. ಗಿಗಾಬಿಟ್ಟಿನ ಕಾಲದಲ್ಲಿ ಒಂದು ಅಕ್ಷರಕ್ಕೆ ಕುರ್ಚಿಯಿಂದ ಎದ್ದು ನಿಂತೆ.

ಫೈಲು ಕಳಿಸಲು ಅಷ್ಟೇ ಸಾಲದು, ನಡುವೆ ಹಾಳಾದರೆ ತಿಳಿಯಬೇಕು. ಆ ಸಮಸ್ಯೆಗೆ ಷಿಕಾಗೋದ ವಾರ್ಡ್ ಕ್ರಿಸ್ಟೆನ್ಸೆನ್ 1977ರಲ್ಲಿ ಒಂದು ದಾರಿ ಕಂಡುಕೊಂಡರು. 128 ಅಕ್ಷರಗಳ ಒಂದೊಂದು ಕಟ್ಟು ಮಾಡಿ, ಕಟ್ಟಿನ ಕೊನೆಗೆ ಕೂಡುಲೆಕ್ಕ ಬರೆದು ಕಳಿಸುವುದು. ಆ ಕಡೆಯವನು ಕೂಡಿ ನೋಡಿ, ತಾಳೆಯಾದರೆ ಬಂತು ಎನ್ನುತ್ತಾನೆ, ಇಲ್ಲದಿದ್ದರೆ ಇನ್ನೊಮ್ಮೆ ಎನ್ನುತ್ತಾನೆ. ದಿನಸಿ ಅಂಗಡಿಯ ಚೀಟಿ ಲೆಕ್ಕ. ಎಕ್ಸ್‌ಮೋಡೆಮ್ ಎಂದು ಹೆಸರಾದ ಅದನ್ನು ಕ್ರಿಸ್ಟೆನ್ಸೆನ್ ಊರಿಗೆಲ್ಲ ಪುಕ್ಕಟೆ ಹಂಚಿದರು. 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಕರ್ಮಿಟ್ ಬಂತು, ಟಿವಿಯ ಗೊಂಬೆ ಕಪ್ಪೆಯ ಹೆಸರದಕ್ಕೆ. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ಬರೆದ ಝಡ್‌ಮೋಡೆಮ್ ಇನ್ನೂ ಜಾಣ. ನಡುವೆ ಕರೆಂಟು ಹೋದರೆ ನಿಂತಲ್ಲಿಂದ ಮುಂದುವರಿಸಬಲ್ಲದು. ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಅದನ್ನೇ ಆರಿಸಿದೆ.

ಏಳು ವರ್ಷದ ಮಳೆ, ಏಳು ಫೈಲು, ಒಟ್ಟು 312 ಕೆಬಿ. ಮೂರು ವಾರ ಅಲೆದ ಮೇಲೆ ಮೂರು ನಿಮಿಷದ ಕೆಲಸ.

ತೆರೆದು ನೋಡಿದರೆ ಅದರಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೊಂದು ಟೊಪ್ಪಿ, ಕೆಳಗೊಂದು ಬಾಲ, ಪಕ್ಕದಲ್ಲೊಂದು ಚುಕ್ಕೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಫೈಲು ತೆರೆದ ಯಾರಿಗೂ ಇದು ಗೊತ್ತಿರುವ ಗೋಳೇ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿದ್ದರೂ ವಿಂಡೋಸ್ 95ಕ್ಕೆ ಅದರ ಸುದ್ದಿ ತಲುಪಿರಲಿಲ್ಲ. ಹಾಗಾಗಿ ಇಂಗ್ಲಿಷಿನ ಮನೆಯಲ್ಲೇ ಕನ್ನಡದ ತುಣುಕುಗಳನ್ನು ಬಾಡಿಗೆಗಿಟ್ಟಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಭೂತಚೇಷ್ಟೆ. ಇದನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ, ಕೈಗೆ ಸಿಕ್ಕ ಮೊದಲನೆಯದಕ್ಕೇ ಹಾಕಿದೆ. ಕನ್ನಡವಾಯಿತು. ಆದರೆ ಪುನರ್ವಸು ಮಳೆ 'ಪುನವರ್ಸು' ಆಗಿತ್ತು. ವರ್ಷವು 'ವಷರ್' ಆಗಿತ್ತು. ಮಾವ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ 'ಬೋಡೋರ್' ಆಗಿತ್ತು.

ಅರ್ಕಾವೊತ್ತಿನ ಕಿತಾಪತಿ ಅದು. ನಾವು ಉಚ್ಚರಿಸುವಾಗ ರಕಾರ ಮೊದಲು, ಬರೆಯುವಾಗ ಅದರ ಗುರುತು ಕೊನೆಗೆ. ಹಳೆಯ ಫಾಂಟು ಕಣ್ಣಿಗೆ ಕಂಡಂತೆ ಇಡುತ್ತಿತ್ತು, ಯೂನಿಕೋಡು ಬಾಯಲ್ಲಿ ಹೇಳಿದಂತೆ ಇಡುತ್ತದೆ. ನಡುವೆ ನಿಂತ ದುಭಾಷಿ ರಕಾರವನ್ನು ಎತ್ತಿ ಮುಂದಿಡುವುದನ್ನು ಮರೆತಿದ್ದ. ಎರಡಕ್ಕೆ ಮೂರು, ಮೂರಕ್ಕೆ ಎರಡು ಎಂದು ಅಡ್ಡ ಹಾಯಿಸಬೇಕಿದ್ದಲ್ಲಿ ಇಲ್ಲೂ ಯಾರೋ ನೇರ ತಂತಿ ಎಳೆದಿದ್ದರು. ಒಂದು ಭಾನುವಾರ ಪೂರ್ತಿ ಕೂತು ತಿದ್ದಿದೆ.

ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಪ್ರಿಂಟು ಹಾಕಿಸಿ, ಲ್ಯಾಪ್‌ಟಾಪಿನ ಜೊತೆ ಅತ್ತೆಗೆ ಕೊಟ್ಟೆ. ಜಗಲಿಯಲ್ಲಿ ಕೂತು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ ಹೋದರು. ಬಹಳ ಹೊತ್ತು ಏನೂ ಹೇಳಲಿಲ್ಲ. ಒಂದು ಜುಲೈ ತಿಂಗಳ ನಡುವಿನ ಸಾಲಿನ ಮೇಲೆ ಬೆರಳು ನಿಂತಿತು. ಐದೂವರೆ ಇಂಚು ಎಂದಿತ್ತು ಅಲ್ಲಿ.

"ಇದು ತಪ್ಪು," ಎಂದರು. "ಅವತ್ತು ಡಬ್ಬಿ ತುಂಬಿ ಹೊರಗೆ ಚೆಲ್ಲಿ ಹೋಗಿತ್ತು. ಇವಕ್ಕೆ ಗೊತ್ತಿಲ್ಲೆ. ನಾ ಹೇಳಿದ್ನೂ ಇಲ್ಲೆ."